ಬಸಿಯಲ್ಲಿ ಕಾಫಿ ಕುಡಿಯುವವಳು

ಸತ್ತವರ ಹಬ್ಬದ ದಿನ. ಇನಿಸ್‌ಫೇಲಿನ ಕಬ್ಬಿನ ಗದ್ದೆಗಳ ಮೇಲೆ ಸಂಜೆಗೇ ಮಳೆ ಹಿಡಿದು, ಕರೆಂಟು ಹೋಗಿ, ಮೊಮ್ಮಕ್ಕಳೆಲ್ಲ ಅಡುಗೆಮನೆಯ ಉದ್ದನೆಯ ಮೇಜಿಗೆ ಮುತ್ತಿಕೊಂಡಿದ್ದೆವು. ಆಚೆ ತುದಿಯಲ್ಲಿ ಸತ್ತವರಿಗೆ ತಟ್ಟೆ ಹಾಕಿಯಾಗಿತ್ತು. ಅಲ್ಲೇ ಕೂತಿದ್ದ ಚಿಕ್ಕವಳು ಜೆಮ್ಮಾ, "ಈ ಖಾಲಿ ಕುರ್ಚಿ ಮುಂದೆ ಮಾತ್ರ ಬರೀ ಕಾಫಿ ಯಾಕಜ್ಜಿ?" ಅಂದದ್ದೇ ತಡ, ಇಲ್ದಾ ಅಜ್ಜಿ ನಮ್ಮ ನಡುವೆ ಕುರ್ಚಿ ಎಳೆದುಕೊಂಡಳು.

"ಅಂತೂ ಕೇಳಿದ್ಯಲ್ಲೇ! ಕೇಳ್ರೋ ಹಾಗಾದ್ರೆ... ಆ ಬ್ರೆಡ್ ಮುಟ್ಬೇಡ ಟೋನಿ, ಸತ್ತವರದ್ದು ಕದ್ರೆ ಅವರು ನಿನ್ನ ಪಾಲು ಕೇಳ್ತಾರೆ.

ನನ್ನ ತಾತ ಬತಿಸ್ತಾ ಇಟಲಿಯಿಂದ ಈ ದೇಶಕ್ಕೆ ಕಬ್ಬು ಕಡಿಯೋಕೆ ಬಂದೋನು. ಒಂದಿನ ಪಕ್ಕದೂರು ಟುಲ್ಲಿ ಕಡೆಯಿಂದ ಇನ್ನೂ ಮಾತು ಬಾರದ ಕೂಸೊಂದನ್ನ ಎದೆಗವಚ್ಕೊಂಡು ಇಲ್ಲಿಗೆ ಬಂದ. ಅದೇ ನನ್ನಮ್ಮ ಪಿಯೆರೀನಾ. ತಾಯಿ ಯಾರಯ್ಯಾ ಅಂದ್ರೆ 'ನಮ್ಮೂರೋಳೇ, ತೀರ್ಕೊಂಡ್ಲು' ಅನ್ನೋನು. ಹೆಸರು? ಅದೊಂದು ಬಿಟ್ಟು ಬೇರೆಲ್ಲ ಮಾತಾಡೋನು. ಹಾಗೇ ಬಾಯಿ ಬಿಡದೆ ಸತ್ತ. ನಮ್ಮಲ್ಲೋ, ತಟ್ಟೆ ಹಾಕ್ತಾ ಸತ್ತವರನ್ನ ಹೆಸರು ಹಿಡಿದು ಕರೀಬೇಕು, ಇಲ್ಲಾಂದ್ರೆ ಅವರು ಕೂರೋದಿಲ್ಲ, ನಿಂತೇ ಹೋಗ್ತಾರೆ. ಅಮ್ಮ ಪ್ರತಿ ವರ್ಷ ಒಂದು ತಟ್ಟೆ ಹೆಚ್ಚು ಹಾಕಿ, ಏನಂತ ಕರೀಲಿ ಅಂತ ಅಳೋಳು. ಸಾಯೋದ್ರೊಳಗೆ ಹೆತ್ತೋಳನ್ನ ಒಂದ್ಸಲ ಬಾಯ್ತುಂಬ ಕರೀಬೇಕು, ಅಷ್ಟೇ ಅವಳ ಆಸೆ.

ಆ ಹೆಸರಿಲ್ಲದ ತಟ್ಟೆಗೆ ಮೆಕ್ಕೆಜೋಳದ ಪೊಲೆಂಟಾ ಇಟ್ವಿ, ವೈನ್ ಇಟ್ವಿ... ಬೆಳಿಗ್ಗೆ ನೋಡಿದ್ರೆ ಇಟ್ಟಿದ್ದು ಇಟ್ಟಂಗೇ! ಆದ್ರೆ ಕಾಫಿ? ಕಪ್ಪು ಖಾಲಿ, ಬಸಿ ಒದ್ದೆ, ಸಕ್ಕರೆ ತುಂಡು ಮಾಯ. ಇರುವೆ ಅಂದ ನಮ್ಮಪ್ಪ. ಇರುವೆ ಕಾಫೀನ ಬಸಿಗೆ ಬಗ್ಗಿಸ್ಕೊಂಡು ಕುಡಿಯುತ್ತೇನ್ರೋ?

ಹೀಗಿರ್ಬೇಕಾದ್ರೆ ಟುಲ್ಲಿಯಲ್ಲಿ ಒಂದು ಮದುವೆ. ಫಿನ್‌ಲ್ಯಾಂಡಿನ ಮುದುಕಿ ಲೆಂಪಿ ನನ್ನೆದುರು ಕೂತು, ಸಕ್ಕರೆ ತುಂಡು ಹಲ್ಲಲ್ಲಿ ಕಚ್ಕೊಂಡು, ಕಾಫಿ ಬಸಿಗೆ ಸುರ್ಕೊಂಡು, ಸುರ್ರಂತ ಹೀರಿದ್ಲು ನೋಡಿ... ನನ್ನ ಮೈಯೆಲ್ಲ ಜುಂ ಅಂತು! 'ನಿಮ್ಮೋರೆಲ್ಲ ಹೀಗೇನಾ ಕುಡಿಯೋದು?' ಅಂದೆ. 'ಮತ್ತೆ? ನಿಮ್ಮ ಇಟಲಿಯೋರ ಹಾಗೆ ಔಷಧಿ ನುಂಗಿದಂಗೆ ನುಂಗ್ಬೇಕಾ?' ಅಂದ್ಲು. ಮೆಲ್ಲಗೆ ಬತಿಸ್ತಾನ ಹೆಸರೆತ್ತಿದೆ. ಬಸಿ ಕೆಳಗಿಟ್ಟಳು. 'ಆ ಕಳ್ಳನಾ! ನಮ್ಮ ಸಿಲ್ವಿಯ ಗಂಡ. ಅವಳು ಜ್ವರದಲ್ಲಿ ಬಿದ್ದಿದ್ದಾಗ, ನಾವು ಮಗೂನ ನಮ್ಮ ಚರ್ಚಿಗೆ ಸೇರಿಸ್ತೀವಿ ಅಂತ ಹೆದರಿ ಎತ್ಕೊಂಡು ಓಡಿದ. ಮಗೂನ ಕೊಡಿ, ಜಡೆ ಹಾಕ್ಬೇಕು, ಜಡೆ ಹಾಕ್ಬೇಕು ಅಂತ ಕನವರಿಸ್ತಾನೇ ಸತ್ಲು ಹುಡುಗಿ.'

ನಾನು ಮನೆಗೆ ಹಾರ್ಕೊಂಡೇ ಬಂದೆ! 'ಅಮ್ಮಾ, ನೀನು ಅರ್ಧ ಫಿನ್‌ಲ್ಯಾಂಡಿನೋಳು ಕಣೇ! ನಿನ್ನಮ್ಮನ ಹೆಸರು ಸಿಲ್ವಿ!' ಅಮ್ಮ ಎಳೇ ಹುಡುಗಿ ಥರ ಕುಣಿದ್ಬಿಟ್ಲು. ಆ ವರ್ಷದ ಹಬ್ಬಕ್ಕೆ ಕಾಫಿ ಇಟ್ಟು ಕರೆದ್ಲು... 'ಸಿಲ್ವಿ... ಅಮ್ಮಾ, ಬಾರೇ.' ಖಾಲಿ ಕುರ್ಚಿ ಕಿರ್ರಂತ ತಾನಾಗೇ ಹಿಂದೆ ಸರೀತು! ತಾತನಿಗೆ ಇಟ್ಟಿದ್ದ ವೈನ್ ಗ್ಲಾಸು ನೆಲಕ್ಕೆ ಹಾರಿ ಚೂರುಚೂರಾಯ್ತು, ಆಗ್ಬೇಕಾದ್ದೇ! ಆಮೇಲೆ ಅಮ್ಮನ ತುರುಬು ಬಿಚ್ಕೊಂಡು, ಮೂರು ಎಳೆಯಾಗಿ, ನಮ್ಮೆಲ್ಲರ ಕಣ್ಣೆದುರಿಗೇ ಜಡೆ ಹೆಣೆಯುತ್ತಾ ಹೋಯ್ತು. ಅಮ್ಮ ನಗ್ತಾ ನಗ್ತಾ ಅಳ್ತಿದ್ಲು. ಅಂಥ ಖುಷೀನ ನಾನು ಮತ್ತೆ ಯಾರ ಮುಖದಲ್ಲೂ ನೋಡ್ಲಿಲ್ಲ.

ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು. ತಾಯಿ ಮಗಳು ಸೇರ್ಕೊಂಡ್ರು, ಇನ್ನು ಸಿಲ್ವಿ ಬರೋದ್ಯಾಕೆ ಅಂದ್ಕೊಂಡಿದ್ದೆ. ಆದ್ರೆ ಅಂಥ ಆಸೆ ಅಷ್ಟಕ್ಕೇ ತೀರುತ್ತಾ, ಹೇಳಿ? ಮನೇಲಿ ಮತ್ತೊಂದು ಹೆಣ್ಣು ಕೂಸು ಹುಟ್ಟಿದ್ಮೇಲೆ..."

"ಸಾಕು ಅಜ್ಜಿ, ಜಡೆ ತುಂಬಾ ಬಿಗಿಯಾಯ್ತು," ಅಂದಳು ಆಚೆ ತುದಿಯಿಂದ ಜೆಮ್ಮಾ.

ಅಜ್ಜಿ ಮೇಜಿನ ಈಚೆ ನಮ್ಮ ನಡುವೆ ಕೂತಿದ್ದಳು. ಅವಳ ಎರಡೂ ಕೈ ಮೇಜಿನ ಮೇಲಿದ್ದವು.

"ಅಲ್ಲಾಡ್ಬೇಡ ಕಂದಾ," ಅಂದಳು ಅಜ್ಜಿ, ಮೆಲ್ಲಗೆ. "ತುದಿವರೆಗೂ ಹಾಕಿ ಮುಗಿಸ್ಲಿ."