ಎಂಟನೆಯ ಹಾಡಿನ ಟ್ರ್ಯಾಕು

ರಾತ್ರಿ ಹನ್ನೊಂದೂ ಕಾಲು. ಕೊನೆಯ ಬಸ್ಸು ಹೋಗಿಯಾಗಿತ್ತು. ಸ್ಟುಡಿಯೋದಿಂದ ಮನೆಗೆ ನಡೆದರೆ ಹದಿನೆಂಟು ನಿಮಿಷ. ದಾರಿಯಲ್ಲಿ ಮುಚ್ಚಿಹೋದ ಒಂದು ಲಾಂಡ್ರಿ, ಅದರ ಹಿಂದೆ ಗಲ್ಲಿ, ಗಲ್ಲಿಯ ತಿರುವಿನಲ್ಲಿ ಬಾವಿ. ಯಾರೂ ನೀರು ಸೇದದ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿ ಬೀಗ ಜಡಿದಿದ್ದಾರೆ. ಅಕ್ಕ ಅದನ್ನು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದಳು, ಅಷ್ಟೆ... ಹಿಂದೆ ಯಾರೋ ಉಸಿರು ಎಳೆದುಕೊಂಡರು.

ಉಸಿರು ಅಂದರೆ ಹೆದರಿದವರ ಉಸಿರಲ್ಲ. ಹಾಡುವವರು ಸಾಲು ಶುರು ಮಾಡುವ ಮುಂಚೆ ಮೂಗಿನಿಂದ ಸಣ್ಣಗೆ ‘ಸ್ಸ್’ ಅಂತ ಎಳೆಯುತ್ತಾರಲ್ಲ, ಅದು. ಅದರ ಬೆನ್ನಿಗೇ ಹಾಡು ಬಂತು... ಜಾಲರಿಯ ಕೆಳಗಿನಿಂದ. ಅವತ್ತು ಸಾಯಂಕಾಲ ಅಕ್ಕ ತನ್ನ ಕೈಯಾರೆ ಅಳಿಸಿ ಬಂದಿದ್ದ ಹಾಡು. ಅಕ್ಕನದೇ ದನಿಯಲ್ಲಿ.

ಅವಳು ಓಡಲಿಲ್ಲ. ಹಾಡು ಮುಗಿಯುವವರೆಗೂ ನಿಂತಲ್ಲೇ ನಿಂತಿದ್ದು, ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಮನೆ ಸೇರಿದಳು.

ಈ ಅಕ್ಕ ನಮ್ಮ ಚಿಕ್ಕಮ್ಮನ ಮಗಳು. ಅವಳ ಕೆಲಸ ಏನು ಅಂತ ಹೇಳಿದರೆ ತಾನೇ ಉಳಿದದ್ದು ಅರ್ಥವಾಗೋದು. ಅವಳು ಟ್ರ್ಯಾಕ್ ಹಾಡುವವಳು. ದೊಡ್ಡ ಗಾಯಕಿಯರಿಗೆ ಸ್ವರ ಬರೆದು ಕೊಟ್ಟರೆ ಓದೋಕೆ ಬರಲ್ಲ, ಕೂತು ಕಲಿಯೋಕೆ ಪುರುಸೊತ್ತಿರಲ್ಲ. ಅದಕ್ಕೆ ಬೆಳಿಗ್ಗೆ ಅಕ್ಕ ಹೋಗಿ ಇಡೀ ಹಾಡನ್ನು ಹಾಡಿ ಇಡುತ್ತಾಳೆ. ಮಧ್ಯಾಹ್ನ ಗಾಯಕಿ ಬಂದು, ಕಿವಿಗೆ ಹೆಡ್‌ಫೋನ್ ಹಾಕಿ, ಅಕ್ಕನ ದನಿ ಕೇಳಿಸಿಕೊಳ್ಳುತ್ತಾ ಅದರ ಮೇಲೇ ತನ್ನ ದನಿ ಇಡುತ್ತಾಳೆ. ಆಮೇಲೆ ಅಕ್ಕನದು ಕಸ. ಅಟ್ಟವಳು ಒಬ್ಬಳು, ಉಂಡವಳು ಒಬ್ಬಳು. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ‘ಟ್ರ್ಯಾಕಮ್ಮ’ ಅಂತಲೇ ಕರೆಯೋದು. ಹದಿನಾಲ್ಕು ವರ್ಷ ಒಬ್ಬರೇ ಮೇಡಂಗೆ ಟ್ರ್ಯಾಕ್ ಹಾಡಿದಳು. ಆ ಮೇಡಂ ಯಾರು ಅಂತ ಹೇಳಲ್ಲ, ಹೇಳಿದರೆ ನಿಮಗೆಲ್ಲ ಗೊತ್ತು. ಬಸ್ಸಲ್ಲಿ, ಕ್ಷೌರದಂಗಡಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ, ಎಲ್ಲ ಕಡೆ ಜನರನ್ನು ಕುಣಿಸಿದ ಗಂಟಲು ಅದು.

ಆ ಹಾಡುಗಳ ಮೇಲೆ ಅಕ್ಕನಿಗೆ ಹೊಟ್ಟೆಕಿಚ್ಚಿರಲಿಲ್ಲ. ಕುಣಿಯುವ ಹಾಡು, ಕುಣಿಯುವವಳೇ ಹಾಡಲಿ ಅಂತಿದ್ದಳು. ಕಿಚ್ಚು ಹತ್ತಿದ್ದು ಮೇಡಂಗೆ ನಲವತ್ತೆರಡು ತುಂಬಿದ ವರ್ಷ. ಒಂದು ದಿನ ಅವರು ಬಂದು, ಮಾಸ್ಟರ್, ನನ್ನ ಮಂಡಿ ನೋಯುತ್ತೆ, ಇನ್ನು ಕೂತು ಹಾಡೋ ಹಾಡು ಮಾಡಿಕೊಡಿ ಅಂದರಂತೆ. ಮಾಸ್ಟರ್ ಅಂದರೆ ರಾಗ ಹಾಕುವವರು. ಎಂಟು ಹಾಡು ಕಟ್ಟಿದರು. ಎಲ್ಲವೂ ಮೆತ್ತನೆಯವು. ಡ್ರಮ್ಮಿಲ್ಲ, ಕೂಗಾಟವಿಲ್ಲ, ಒಂದು ಪಿಯಾನೋ, ಒಂದು ಗಿಟಾರು, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗದ ಹಾಗೆ ಹಾಡುವ ಒಂದು ದನಿ.

ಅದು ಅಕ್ಕನ ದನಿ. ಚಿಕ್ಕಂದಿನಿಂದ ಅವಳು ಹಾಗೆ ಹಾಡಿದವಳು. ಹದಿನಾಲ್ಕು ವರ್ಷ ಬೇರೆಯವರ ಅಂಗಿ ಹೊಲಿದವಳ ಕೈಗೆ ಕೊನೆಗೊಮ್ಮೆ ತನ್ನ ಅಳತೆಯ ಬಟ್ಟೆ ಬಂದಿತ್ತು. ಬಂದದ್ದೂ ಬೇರೆಯವರಿಗೇ ಹೊಲಿದು ಕೊಡೋಕೆ.

ಮೊದಲನೆಯ ದಿನ ಮೇಡಂ ಹಾಡಲು ನಿಂತಾಗ ಅಕ್ಕ ಗಾಜಿನ ಈಚೆ ಕೂತು, ತಪ್ಪಲಿ, ಎಲ್ಲಾದರೂ ಎಡವಲಿ ಅಂತ ಕಾದಳು. ಮೇಡಂ ಎಡವಲಿಲ್ಲ. ಕುಣಿದು ಕುಣಿದು ಒಡೆದ ಗಂಟಲು, ಆ ಒಡಕನ್ನು ಮುಚ್ಚದೆ ಹಾಗೇ ಹಾಡಿದರು. ಚೆನ್ನಾಗಿ ಹಾಡಿದರು. ಅದನ್ನು ಅಕ್ಕನಿಗೆ ಸಹಿಸೋಕಾಗಲಿಲ್ಲ. ಕೆಟ್ಟದಾಗಿ ಹಾಡಿದ್ದರೆ ಮನೆಗೆ ಹೋಗಿ ನೆಮ್ಮದಿಯಾಗಿ ಅಳಬಹುದಿತ್ತು.

ಅಲ್ಲಿನ ರೆಕಾರ್ಡಿಂಗ್ ಮಾವನದು ಒಂದು ಪದ್ಧತಿ. ವಯಸ್ಸಾದ ಮನುಷ್ಯ, ಎಲ್ಲರಿಗೂ ಮಾವ. ಮೆತ್ತನೆ ಹಾಡಿಗೆ ಮೈಕು ಸಿಕ್ಕಾಪಟ್ಟೆ ಏರಿಸಬೇಕು, ಸೊಳ್ಳೆ ಹಾರಿದರೂ ಅದರೊಳಗೆ ಬರುತ್ತೆ. ಹೆಡ್‌ಫೋನಿನಿಂದ ಸೋರಿದ ಟ್ರ್ಯಾಕಂತೂ ಬಂದೇ ಬರುತ್ತೆ. ಹಾಗಾಗಿ ಸೋರಿದ್ದನ್ನು ಹುಡುಕಿ ಹುಡುಕಿ ತೆಗೆದು, ಟ್ರ್ಯಾಕನ್ನು ಬುಡಸಮೇತ ಅಳಿಸುತ್ತಿದ್ದರು. ಆದರೆ ತಾವು ಅಳಿಸುತ್ತಿರಲಿಲ್ಲ. ಇನ್ನೊಬ್ಬರ ದನಿ ಅಳಿಸಿದ ಕೈಗೆ ಒಳ್ಳೆಯದಾಗಲ್ಲ ಅನ್ನೋದು ಅವರ ನಂಬಿಕೆ. ಕೀಬೋರ್ಡನ್ನು ಅಕ್ಕನ ಕಡೆ ತಿರುಗಿಸಿ, ನಿನ್ನ ದನಿ, ನೀನೇ ಕಳಿಸಿಕೊಡಮ್ಮ ಅನ್ನೋರು. ಅಕ್ಕ ಒತ್ತುತ್ತಿದ್ದಳು. ಟಿಕ್. ಅಷ್ಟೇ ಸದ್ದು.

ಮೊದಲನೆಯ ಹಾಡನ್ನು ಹಾಗೆ ಅಳಿಸಿ ಬಂದ ರಾತ್ರಿಯೇ ಬಾವಿ ಹಾಡಿದ್ದು.

ಎರಡನೆಯ ರಾತ್ರಿ ಎರಡನೆಯ ಹಾಡು. ಮೂರನೆಯ ರಾತ್ರಿ ಮೂರನೆಯದು. ನೀವಾದರೆ ಬೇರೆ ದಾರಿ ಹಿಡಿಯುತ್ತಿದ್ದಿರಿ, ನಾನಂತೂ ಊರೇ ಬಿಡುತ್ತಿದ್ದೆ. ಅಕ್ಕ ಬಿಡಲಿಲ್ಲ. ಯಾಕೆ ಅಂತ ನಾನು ಕೇಳಿದ್ದಕ್ಕೆ, ಅಳಿಸಿಹೋಗಿದ್ದು ಎಲ್ಲೋ ಒಂದು ಕಡೆ ಇದೆಯಲ್ಲ, ನನಗೆ ಅಷ್ಟು ಸಾಕಿತ್ತು ಕಣೋ ಅಂದಳು. ಮೂರನೆಯ ರಾತ್ರಿ ಅವಳು ಜಾಲರಿಯ ಹತ್ತಿರ ಕೂತು ಕೇಳಿದಳು. ಕೆಳಗೆ ನೀರಿನ ಸದ್ದಿಲ್ಲ. ಜಾಲರಿ ಮಾತ್ರ ‘ಝುಂ...’ ಅಂತ ಹಾಡಿನ ಜೊತೆ ಸಣ್ಣಗೆ ನಡುಗುತ್ತಿತ್ತು. ಕೈಯಿಟ್ಟರೆ ಬೆರಳಿಗೆ ಗೊತ್ತಾಗುತ್ತಿತ್ತು.

ಐದನೆಯ ರಾತ್ರಿ ಅವಳಿಗೆ ಇನ್ನೊಂದು ವಿಷಯ ಗೊತ್ತಾಯಿತು. ಬಾವಿಯೊಳಗಿನದು ತನಗಿಂತ ಚೆನ್ನಾಗಿ ಹಾಡುತ್ತಿದೆ. ಸಾಲಿನ ಕೊನೆಯನ್ನು ಅವಸರ ಮಾಡದೆ ಬಿಡುತ್ತೆ. ಉಸಿರು ಮುಗಿಯುತ್ತಾ ಬಂದಾಗ ದನಿಯನ್ನು ಎಳೆಯಲ್ಲ, ಹಾಗೇ ನೆಲಕ್ಕಿಡುತ್ತೆ. ಇಷ್ಟು ದಿನ ಮೇಡಂ ಮೇಲಿದ್ದ ಉರಿ ಅವತ್ತು ಇಬ್ಭಾಗವಾಯಿತು. ಅಕ್ಕ ಎದ್ದು ಮನೆಗೆ ಹೋದಳು. ಹೋಗಿ ಸುಮ್ಮನೆ ಮಲಗಿದಳೇ? ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಆ ಸಾಲುಗಳನ್ನು ಬಾವಿ ಹಾಡಿದ ಹಾಗೆ ಹಾಡಿ ಹಾಡಿ ಕಲಿತಳು. ಚಿಕ್ಕಮ್ಮ ಬಾಗಿಲು ಬಡಿದು, ನೀರು ಬಿಟ್ಟುಕೊಂಡು ನಿದ್ದೆ ಮಾಡ್ತಿದೀಯೇನೇ ಅಂತ ಕೂಗಿದ್ದೂ ಅವಳಿಗೆ ಕೇಳಿಸಲಿಲ್ಲ. ಆರು, ಏಳು, ಎರಡು ರಾತ್ರಿಯೂ ಇದೇ ಪಾಠ.

ಎಂಟನೆಯ ಹಾಡಿನ ಟ್ರ್ಯಾಕನ್ನು ಅವಳು ಹಾಗೆ ಹಾಡಿದಳು. ಎರಡು ಲೋಟ ತೊಳೆದಿಟ್ಟು ಒಂದಕ್ಕೆ ಮಾತ್ರ ನೀರು ತುಂಬುವ ಹೆಂಗಸಿನ ಹಾಡು ಅದು. ಹಾಡಿ ಮುಗಿಸಿ ಹೊರಗೆ ಬಂದರೆ ಮಾವ ಕನ್ನಡಕ ತೆಗೆದು ಒರೆಸುತ್ತಿದ್ದರು. ಮಾಸ್ಟರ್, ಇದನ್ನ ಯಾರ ಹತ್ತಿರ ಕಲಿತೆಯಮ್ಮ ಅಂದರು. ಅಕ್ಕ, ಯಾರ ಹತ್ತಿರ ಕಲೀಲಿ ಮಾಸ್ಟರ್, ಬಂದ ಹಾಗೆ ಹಾಡಿದೆ ಅಂದುಬಿಟ್ಟಳು.

ಮಧ್ಯಾಹ್ನ ಮೇಡಂ ಬಂದರು. ಹನ್ನೊಂದು ಸಲ ಹಾಡಿದರು. ಹನ್ನೊಂದು ಸಲವೂ ಹೆಡ್‌ಫೋನಿನಲ್ಲಿದ್ದದ್ದೇ ಮೇಲು. ಹನ್ನೆರಡನೆಯದಕ್ಕೆ ಅವರು ಹೆಡ್‌ಫೋನ್ ಕೆಳಗಿಟ್ಟು ಈಚೆ ಬಂದು, ಗೋಡೆಗೆ ಒರಗಿದ್ದ ಅಕ್ಕನ ಕೆನ್ನೆ ಚಿವುಟಿದರು.

“ಇದು ಅವಳದ್ದೇ ಇರಲಿ ಮಾಸ್ಟರ್. ಅವಳ ಹೆಸರು ಹಾಕಿ.”

ಮಾಸ್ಟರ್ ಆಗಲಿ ಅಂದರು. ಮಾವ ಅವತ್ತು ಕೀಬೋರ್ಡ್ ತಿರುಗಿಸಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅಕ್ಕನ ದನಿ ಅಳಿಯದೆ ಉಳಿಯಿತು. ಮೇಡಂ ಇಷ್ಟು ದೊಡ್ಡ ಮನಸ್ಸು ಮಾಡಿದರಲ್ಲ, ಅಕ್ಕನಿಗೆ ಅದಕ್ಕೂ ಉರಿ. ಬಿಟ್ಟುಕೊಡೋಕೂ ಇದ್ದವರಿಗೇ ಸಾಧ್ಯ ಅಂತ.

ಅವತ್ತು ರಾತ್ರಿ ಬಾವಿ ಹಾಡಲಿಲ್ಲ.

ಅಕ್ಕ ಗೆದ್ದವಳ ಹಾಗೆ ಗಲ್ಲಿಗೆ ಬಂದಿದ್ದಳು. ಇವತ್ತು ಇಲ್ಲಿ ಏನೂ ಇರಲ್ಲ ಅಂತ ಅವಳಿಗೆ ಗೊತ್ತಿತ್ತು. ಅಳಿಸಿದರೆ ತಾನೇ ಇಲ್ಲಿಗೆ ಬರೋದು? ಜಾಲರಿ ದಾಟಿದಳು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ... ಹಿಂದೆ ‘ಸ್ಸ್’.

ನಿಂತಳು. ಹಾಡು ಬರುತ್ತೆ ಅಂತ ಕಾದಳು. ಬರಲಿಲ್ಲ. ಎಳೆದ ಉಸಿರು ಎಳೆದ ಹಾಗೇ ಇತ್ತು. ಎಷ್ಟೋ ಹೊತ್ತು. ಮನುಷ್ಯರು ಅಷ್ಟು ಹೊತ್ತು ಉಸಿರು ಹಿಡಿಯೋಕಾಗಲ್ಲ. ಆಮೇಲೆ ಪಿಸುಮಾತು.

“ಎಂಟನೇದು?”

ಅಕ್ಕನೂ ಪಿಸುಗುಟ್ಟಿದಳು.

“ಅದು ನಂದು.”

“ಕಲಿಸಿದ್ದು ಯಾರು?”

ಹದಿನಾಲ್ಕು ವರ್ಷದಿಂದ ಗಾಜಿನ ಈಚೆ ಕೂತು ಮೇಡಂನ ಕೇಳಬೇಕು ಅಂದುಕೊಂಡು ಒಂದು ದಿನವೂ ಬಾಯಿಬಿಟ್ಟು ಕೇಳದ ಮಾತು ಅದು. ಅದನ್ನು ತನ್ನ ದನಿಯೇ ತನ್ನನ್ನು ಕೇಳಿತು. ಬೀಗ ‘ಕಟಕ್’ ಅಂತ ಒಂದು ಸಲ ಜಾಲರಿಗೆ ಬಡಿಯಿತು. ಗಾಳಿ ಇರಲಿಲ್ಲ... ಇರಲಿಲ್ಲ ಅಂತ ಅವಳು ಅಮ್ಮನ ಮೇಲೆ ಆಣೆ ಹಾಕುತ್ತಾಳೆ.

ಮನೆಗೆ ಬಂದವಳು ಬೆಳಗಾಗುವವರೆಗೂ ಕಣ್ಣು ಮುಚ್ಚಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಚಿಕ್ಕಮ್ಮನ ಕೈ ಹಿಡಿದು ಕೂತಿದ್ದಳು. ಅಕ್ಕನ ಫೋನು ಚಿಕ್ಕಮ್ಮನ ತಲೆಯ ಹತ್ತಿರ ಚಾರ್ಜಿಗೆ ಹಾಕಿತ್ತು. ಚಿಕ್ಕಮ್ಮ ಎಂಥವಳು ಅಂದರೆ ಅಡುಗೆಮನೆಯಲ್ಲಿ ಚಮಚ ಬಿದ್ದರೆ ಎದ್ದು ಕೂರುವ ಹೆಂಗಸು.

ಬೆಳಿಗ್ಗೆ ಒಂಬತ್ತಕ್ಕೆ ಮಾಸ್ಟರ್ ಫೋನ್ ಮಾಡಿ ಬೇಗ ಬಾ ಅಂದರು. ಹೋಗಿ ನೋಡಿದರೆ ಮೇಡಂ ಆಗಲೇ ಮೈಕಿನ ಮುಂದೆ. ಕಿವಿಯಲ್ಲಿ ಹೆಡ್‌ಫೋನೂ ಇಲ್ಲ. ಪಿಯಾನೋ ಒಂದನ್ನೇ ಸ್ಪೀಕರಿನಲ್ಲಿ ಸಣ್ಣಗೆ ಹಾಕಿಸಿಕೊಂಡು ಎಂಟನೆಯ ಹಾಡು ಹಾಡುತ್ತಿದ್ದರು. ಸಾಲಿನ ಕೊನೆಗಳನ್ನು ಅವಸರವಿಲ್ಲದೆ ಬಿಡುತ್ತಾ, ದನಿಯನ್ನು ಮೆಲ್ಲಗೆ ನೆಲಕ್ಕಿಡುತ್ತಾ. ಒಂದೇ ಸಲಕ್ಕೆ ಮುಗಿಯಿತು. ಇದರ ಮುಂದೆ ಅಕ್ಕನದು ಕೇಳೋಕೂ ಆಗಲ್ಲ ಅಂತ ಅಕ್ಕನಿಗೇ ಗೊತ್ತಾಯಿತು. ಮಾಸ್ಟರ್ ಅವಳ ಮುಖ ನೋಡಲಿಲ್ಲ. ಮಾವ ಕೀಬೋರ್ಡನ್ನು ತಿರುಗಿಸಿದರು.

ಟಿಕ್.

ಮೇಡಂ ಹೊರಗೆ ಬಂದು ಅಕ್ಕನನ್ನು ತಬ್ಬಿಕೊಂಡರು.

“ನಾನು ಬಿಟ್ಟುಕೊಟ್ಟಿದ್ದನ್ನ ತಿರುಗಿ ಕೊಟ್ಟೆಯಲ್ಲೇ ಹುಚ್ಚಿ. ಅಪರಾತ್ರಿಯಲ್ಲಿ ಕೂತು ಯಾರೇ ಕಲಿಸ್ತಾರೆ ಹೀಗೆ?”

“ಯಾವಾಗ ಮೇಡಂ?”

“ನೀನೇ ತಾನೇ ಫೋನ್ ಮಾಡಿದ್ದು.”

ಅವರು ಫೋನು ತೆಗೆದು ತೋರಿಸಿದರು. ಅಕ್ಕನದೇ ನಂಬರು. ರಾತ್ರಿ ಒಂದೂ ನಲವತ್ತು. ಅಕ್ಕ ತನ್ನ ಫೋನು ತೆಗೆದು ನೋಡಿದಳು. ಅದರಲ್ಲಿ ಹಿಂದಿನ ಸಾಯಂಕಾಲ ಆರು ಗಂಟೆಯಿಂದ ಒಂದು ಕರೆಯೂ ಹೋಗಿರಲಿಲ್ಲ. ಏನು ಹೇಳಿದೆ ನಾನು ಅಂತ ಕೇಳಿದ್ದಕ್ಕೆ ಮೇಡಂ ನಕ್ಕು, ಹಲೋ ಅಂತಲೂ ಅನ್ನಲಿಲ್ಲವಲ್ಲೇ, ಉಸಿರು ಎಳೆದವಳೇ ಮೊದಲನೆಯ ಹಾಡಿನಿಂದ ಶುರು ಮಾಡಿದೆ ಅಂದರು.

ಆವತ್ತು ರಾತ್ರಿ ಅಕ್ಕ ಜಾಲರಿಯ ಪಕ್ಕ ಒಂದು ಗಂಟೆ ಕೂತಿದ್ದಳು. ಏನೂ ಇಲ್ಲ. ಆಮೇಲೂ ಎಷ್ಟೋ ರಾತ್ರಿ ಹೋಗಿ ಕೂತಳು. ಏನೂ ಇಲ್ಲ. ಈಗಲೂ ಟ್ರ್ಯಾಕ್ ಹಾಡುತ್ತಾಳೆ, ಈಗಲೂ ತಾನೇ ಅಳಿಸುತ್ತಾಳೆ. ಅಳಿಸಿದ್ದು ಎಲ್ಲಿಗೆ ಹೋಗುತ್ತೆ ಅಂತ ಅವಳಿಗೆ ಈಗ ಗೊತ್ತಿಲ್ಲ. ಮೇಡಂನ ಆ ಆಲ್ಬಮ್ಮು ಬಂದು ಆರು ವರ್ಷವಾಯಿತು. ಅವರು ಹಾಡಿದ್ದರಲ್ಲೆಲ್ಲ ಅದೇ ಮೇಲು ಅಂತ ಎಲ್ಲರೂ ಅನ್ನುತ್ತಾರೆ. ನೀವೂ ಅಂದಿರಬಹುದು.

ಇದನ್ನೆಲ್ಲ ನಾನು ಕಟ್ಟಿ ಹೇಳುತ್ತಿಲ್ಲ. ಮೇಡಂ ಫೋನಿನ ಆ ಪರದೆಯ ಫೋಟೋವನ್ನು ಅಕ್ಕ ಅವತ್ತೇ ತೆಗೆದುಕೊಂಡಿದ್ದಳು, ನಾನು ಕಣ್ಣಾರೆ ನೋಡಿದ್ದೇನೆ. ನಂಬರು ಇದೆ, ಹೊತ್ತು ಇದೆ. ಕರೆ ನಡೆದದ್ದು ಮೂವತ್ತೆಂಟು ನಿಮಿಷ. ಎಂಟೂ ಹಾಡು ಸೇರಿಸಿದರೆ ಮೂವತ್ತಮೂರು ಆಗುತ್ತೆ, ಬೇಕಾದರೆ ನೀವೇ ಲೆಕ್ಕ ಹಾಕಿ. ಮಿಕ್ಕ ಐದು ನಿಮಿಷ ಏನು ಅಂತ ಅಕ್ಕ ಕೇಳಿದಳಂತೆ. ಮೇಡಂ ಅಕ್ಕನ ಮುಖವನ್ನೇ ಒಂದು ಗಳಿಗೆ ನೋಡಿ, ಒಂಬತ್ತನೇದು ನನಗೊಬ್ಬಳಿಗೇ ಅಂತ ನೀನೇ ಹೇಳಿದೆಯಲ್ಲೇ ಅಂದರಂತೆ.

ಒಂಬತ್ತನೆಯ ಹಾಡನ್ನು ಮಾಸ್ಟರ್ ಕಟ್ಟೇ ಇರಲಿಲ್ಲ. ಅಕ್ಕ ಆರು ವರ್ಷದಿಂದ ಅದನ್ನು ಒಂದು ಸಲ ಹಾಡಿ ತೋರಿಸಿ ಅಂತ ಕೇಳುತ್ತಲೇ ಇದ್ದಾಳೆ. ಮೇಡಂ ಹಾಡಿಲ್ಲ.