ಎಲೆ ಊದುವ ಬೀಗರು

ಒಂದು ಬಲ್ಬು ಕೊಳ್ಳಲು ಹೋದವನು ನಾನು. ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹಿರಿಯರು, ಒಬ್ಬರು ಬೋಳುತಲೆಯವರು, ಇನ್ನೊಬ್ಬರು ಕನ್ನಡಕದವರು. ಇಬ್ಬರ ಕೈಯಲ್ಲೂ ತರಗೆಲೆ ಊದುವ ಕರೆಂಟಿನ ಬ್ಲೋವರ್.

“ಬೀಗರೇ, ನಿಮ್ಮದು ತೀರಾ ಸಣ್ಣದಾಯ್ತು,” ಎಂದರು ಬೋಳುತಲೆಯವರು.

“ಎಲೆ ನಡುವಿನ ಗೋಡೆ ದಾಟಿ ನಿಮ್ಮ ಅಂಗಳಕ್ಕೆ ಬಿದ್ರೆ ಸಾಕಲ್ವಾ?”

“ಎಲ್ಲಿ ಬೀಳುತ್ತೆ? ಹೋದ ವಾರ ನೀವು ಊದಿದ್ದು ಗೋಡೆ ಬುಡದಲ್ಲೇ ಉಳೀತು. ಅಪ್ಪ ಸೋತ್ರು ಅಂತ ನಿಮ್ಮ ಮಗಳು ನಮ್ಮನೇಲಿ ಮುಖ ಊದಿಸ್ಕೊಂಡು ಕೂತ್ಲು.”

“ಎಲೇಲೇ ಸತ್ವ ಇಲ್ಲ ಬೀಗರೇ. ನಮ್ಮ ಅಂಗಳದ ಮರ ಕಡಿಸಿ ಎರಡು ವರ್ಷ ಆಯ್ತು. ಇರೋ ಎಲೇನೇ ಆ ಕಡೆ ಈ ಕಡೆ ಊದಿ ಊದಿ ನಶ್ಯದ ಹಾಗಾಗಿದೆ.”

“ಕಡಿಸಿ ಅಂತ ಜಗಳ ತೆಗೆದಿದ್ದು ನಾನೇ ಅಲ್ವಾ?”

“ಗೆದ್ರಲ್ಲ, ಈಗ ಅನುಭವಿಸಿ.”

ಸಾಲು ಮುಂದೆ ಸರಿಯಿತು. ಬೋಳುತಲೆಯವರು ಬಿಲ್ಲು ಬರೆಯುವವನತ್ತ ಬಾಗಿದರು.

“ಗಿಡ ಮಾರ್ತೀರೇನಪ್ಪಾ? ಎಲೆ ಜಾಸ್ತಿ ಉದುರೋ ಜಾತೀದು.”

“ಪಕ್ಕದ ನರ್ಸರೀಲಿ ಕೇಳಿ ಸರ್.”

ಇಬ್ಬರೂ ಪೆಟ್ಟಿಗೆ ಎತ್ತಿಕೊಂಡು ಬಾಗಿಲಿನತ್ತ ಹೊರಟರು.

“ಯಾರ ಕಡೆ ನೆಡೋದು?” ಎಂದರು ಕನ್ನಡಕದವರು.

“ನಿಮ್ಮ ಕಡೇನೇ ನೆಡಿ ಬೀಗರೇ. ಜಗಳಕ್ಕೆ ನಾನೇ ಬರ್ತೀನಿ.”