ಹಿಂದಿನ ಚಕ್ರದ ಗಾಳಿ

...ಅಲ್ಲ ಚೆನ್ನಪ್ಪ, ನಗುವಂಥದ್ದು ಎಂತ ಉಂಟು ಇದರಲ್ಲಿ? ಟೆಂಪೋದಲ್ಲಿ ಮಲಗಿಕೊಂಡು ಬಂದದ್ದು ಸ್ಕೂಟರು, ನಾನಲ್ಲ! ನಾನು ಡ್ರೈವರನ ಪಕ್ಕದಲ್ಲಿ ಮರ್ಯಾದೆಯಿಂದ ಕೂತೇ ಬಂದೆ. ಕಾಪು ಪೇಟೆಯವರೆಲ್ಲ ನೋಡಿದರು, ನೋಡಲಿ. "ರಘುಪತಿ ಮಾಷ್ಟ್ರ ರೇಸ್ ಕುದುರೆ ಮಗುಚಿತು" ಅಂತ ಹೇಳುತ್ತಾರೆ. ಕುದುರೆಗೆ ಲಾಳ ಹೊಡೆದದ್ದು ಯಾರು? ಮೆಕ್ಯಾನಿಕ್ ನೀನು! ಹೋಗುವುದಿದ್ದರೆ ನಿನ್ನ ಮರ್ಯಾದೆ ಹೋಗುವುದು, ನನ್ನದಲ್ಲ.

ಹೇಳುತ್ತೇನೆ, ಹೇಳುತ್ತೇನೆ, ಅವಸರ ಮಾಡಬೇಡ. ಬೆಳಿಗ್ಗೆ ಕಾರ್ಕಳಕ್ಕೆ ಶಾಲೆಗೆ ಹೊರಟೆ, ಯಾವಾಗಿನ ಹಾಗೆ. ಶಿರ್ವ ದಾಟುವವರೆಗೆ ಬೆಣ್ಣೆ, ಬರೀ ಬೆಣ್ಣೆ! ಬೆಳ್ಮಣ್ಣಿನ ಏರು ಬಂತು ನೋಡು... ಮೊದಲು ದಮ್ಮು ಕಟ್ಟಿತು, ಆಮೇಲೆ ಒಳಗಿನಿಂದ ಟಿಣಿಟಿಣಿ ಶಬ್ದ, ಆಮೇಲೆ ಹಿಂದಿನ ಚಕ್ರ ಹಿಡಿದುಕೊಂಡು ಕಿರ್ರ್ರ್ ಅಂತ ನಿಂತೇ ಬಿಟ್ಟಿತು. ನಾವು ಇಳಿದು...

ನಾವು ಅಂದರೆ? ನಾನು ಮತ್ತು ಸ್ಕೂಟರು ಮಾರಾಯ! ಮತ್ತೆ ಯಾರು?

ತಣಿದ ಮೇಲೆ ಕಿಕ್ಕರ್ ಇಳಿಯಿತು. ಆದರೆ ಸ್ಟಾರ್ಟ್ ಮಾಡಲು ಧೈರ್ಯ ಬರಲಿಲ್ಲ. ಎಷ್ಟಾದರೂ ನೀನು ಹೆಡ್ಡು ಕೆರೆದು, ಪೋರ್ಟು ಅಗಲ ಮಾಡಿ, ಸೈಲೆನ್ಸರ್ ಬದಲಿಸಿ ಕೊಟ್ಟ ಗಾಡಿ. ವರ್ಲ್ಡ್ ಕಪ್ಪು ಗೆದ್ದ ವರ್ಷದ ದೀಪಾವಳಿಗೆ, ನೆನಪುಂಟಾ? ಅಂದಿನಿಂದ ಏರಿನಲ್ಲಿ ಬಸ್ಸನ್ನು ಹಿಂದೆ ಹಾಕುತ್ತದೆ. "ಒಬ್ಬ ಮಾಷ್ಟ್ರಿಗೆ ಇಷ್ಟು ಪಿಕಪ್ ಎಂತಕ್ಕೆ?" ಅಂತ ನೀನು ಆಗಲೇ ಕೇಳಿದ್ದಿ. ಮೊದಲ ಪಿರಿಯಡ್ ತಪ್ಪುತ್ತದೆ ಅಂತ ನಾನು ಹೇಳಿದ್ದೆ. ಅದರಲ್ಲಿ ಸುಳ್ಳು ಎಂತ ಉಂಟು?

ಪ್ಲಗ್ಗು ತೋರಿಸು. ಅಬ್ಬಬ್ಬ, ಸುಣ್ಣದ ಹಾಗೆ ಬೆಳ್ಳಗೆ! ಕಾಫಿಪುಡಿಯ ಬಣ್ಣ ಇದ್ದರೆ ಆರೋಗ್ಯ ಅಂತ ನೀನೇ ಹೇಳಿದ್ದಲ್ವಾ? ಹಾಗಾದರೆ ಪೆಟ್ರೋಲಿಗೆ ಎಣ್ಣೆ ಕಡಿಮೆ ಬಿದ್ದದ್ದು. ಅಲ್ಲವಾ? ಮೂಸಿ ನೋಡಿಯೇ ಹೇಳುತ್ತೀಯಾ! ಸರಿ, ಕಾರ್ಬೊರೇಟರಿನ ಜೆಟ್ಟಿನಲ್ಲಿ ಕಸ ಕೂತಿರಬೇಕು... ಅದೂ ಚೊಕ್ಕ? ಹಾಗಾದರೆ ರೋಗ ಎಲ್ಲಿ?

ಹೋಗುವಾಗ ಮಾತ್ರ ಬಿಸಿಯಾ ಅಂತಲಾ? ಹೌದು, ಬೆಳಿಗ್ಗೆ ಹೋಗುವಾಗ ಮಾತ್ರ. ಸಂಜೆ ಬರುವಾಗ ಒಂದು ದಿನವೂ ಬಿಸಿ ಆದದ್ದಿಲ್ಲ. ಹೋಗುವಾಗ ಏರು, ಬರುವಾಗ ಇಳಿಜಾರು... ಎಂತ? ಬರುವಾಗಲೂ ನಡುವೆ ಏರು ಉಂಟಾ? ಉಂಟು, ಇಲ್ಲ ಅಂತ ಯಾರು ಹೇಳಿದರು? ಆದರೆ ಸಂಜೆಯ ಗಾಳಿ ತಂಪು. ನೋಡು ಚೆನ್ನಪ್ಪ, ವಿಜ್ಞಾನ ಕಲಿಸುವವನು ನಾನು.

ಹಿಂದಿನ ಟೈರನ್ನು ಎಂತಕ್ಕೆ ಒತ್ತಿ ನೋಡುತ್ತೀ? ಬೇನೆ ಎದೆಯಲ್ಲಿ, ನೀನು ಕಾಲು ಹಿಡಿಯುವುದಾ? ಸವೆದಿದೆ, ಹೌದು. ಉತ್ತರಪತ್ರಿಕೆಯ ಚೀಲದ ಭಾರ ನಿನಗೆ ಹೇಗೆ ಗೊತ್ತಾಗಬೇಕು! ಗಾಳಿ ಮಾತ್ರ ಒಬ್ಬನಿಗೆ ಹಾಕುವಷ್ಟೇ ಸಾಕು, ಯಾವಾಗಲೂ ಹೇಳುತ್ತೇನಲ್ಲ. ಇಬ್ಬರ ಗಾಳಿ ತುಂಬಿಸಿದರೆ ಒಂಟಿ ಸವಾರನ ಸೊಂಟ ಪುಡಿ.

ಎಂತ ಮೂಸುತ್ತೀ? ಮೀನಾ? ಹ್ಹಹ್ಹಹ್ಹ! ಕಾಪುವಿನಲ್ಲಿ ಕೂತು ಮೀನಿನ ವಾಸನೆ ಎಲ್ಲಿಂದ ಅಂತ ಕೇಳುವವ ನೀನೊಬ್ಬನೇ. ಇಲ್ಲಿ ದೀಪಸ್ತಂಭಕ್ಕೂ ಬಂಗುಡೆಯ ವಾಸನೆ ಉಂಟು... ಇಂಜಿನ್ನಿನ ಎಡೆಯಲ್ಲಿ ಮೀನಿನ ಹುರುಪೆಯಾ? ಎಲ್ಲಿ... ಅಯ್ಯೋ, ಬೆಂದು ಅಂಟಿಕೊಂಡಿದೆ! ಮುಂದೆ ಮೀನಿನ ಲಾರಿ ಹೋಗುತ್ತಿತ್ತು, ಹಾರಿ ಬಿದ್ದಿರಬೇಕು. ನಮ್ಮ ಅಪ್ಪಯ್ಯನ ಹತ್ತಿರ ಮಾತ್ರ ಹೇಳಬೇಡ. ಮೊನ್ನೆ ಆದಿತ್ಯವಾರ ಅಂಗಳದಲ್ಲಿ ಸ್ಟಾರ್ಟ್ ಮಾಡಿ ಬಿಟ್ಟಿದ್ದೆ. ಮೀನು ಹುರಿದ ವಾಸನೆ ದೇವರಕೋಣೆಗೇ ಹೋಯಿತು! ಪೂಜೆ ಅರ್ಧಕ್ಕೆ ಬಿಟ್ಟು ಎದ್ದು ಬಂದು, ಸ್ಕೂಟರಿಗೆ ಗೋಮೂತ್ರ ಚಿಮುಕಿಸಿದರು. ಶುದ್ಧವಾದ ಸ್ಕೂಟರು ಈಗ ಇದು, ನೀನು ಕೈ ತೊಳೆದು ಮುಟ್ಟಬೇಕು!

ಅದಿರಲಿ... ಮನೆಯಲ್ಲಿ ಎಲ್ಲ ಸೌಖ್ಯವಾ? ಅಮ್ಮ? ಮತ್ತೆ ನಿನ್ನ ತಂಗಿ... ಎಂತ ಹೆಸರು... ಹಾಂ, ಸುಂದರಿ. ಕಾರ್ಕಳ ಮಾರ್ಕೆಟಿಗೆ ಮೀನು ತೆಗೆದುಕೊಂಡು ಹೋಗುವವಳು. ಈಚೆಗೆ ಬೇಗ ಬಸ್ಸು ಸಿಗುತ್ತದೆ, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಮಾಡಿ ಬರುತ್ತಾಳೆ ಅಂತ ನೀನೇ ಹೇಳಿದ್ದಿ. ಒಳ್ಳೆಯ ಬಸ್ಸು, ಪಾಪ.

ಈ ಆದಿತ್ಯವಾರ ಅವಳನ್ನು ನೋಡಲು ಉಚ್ಚಿಲದವರು ಬರುತ್ತಾರಂತೆ? ಬೋಟಿನವರಂತೆ?... ಯಾರು ಹೇಳಿದರು ಅಂತಲಾ? ಬಸ್ಸಿನಲ್ಲಿ ಯಾರೋ ಮಾತಾಡುತ್ತಿದ್ದರು. ನಾನು ಬಸ್ಸಿನಲ್ಲಿ ಹೋಗುವುದಿಲ್ಲ, ಹೌದು... ಬಸ್‌ಸ್ಟ್ಯಾಂಡಿನಲ್ಲಿ. ನೀನು ಮಾತು ಕೊಟ್ಟಾಯಿತಾ? ಇನ್ನೂ ಇಲ್ಲವಾ? ಇಲ್ಲ, ಸುಮ್ಮನೆ ಕೇಳಿದೆ ಮಾರಾಯ, ಮಾತಿಗೆ ಕೇಳಿದೆ.

ಬಲಬದಿಯ ಮುಚ್ಚಳವಾ? ನಾನೇ ಬಿಚ್ಚಿಟ್ಟದ್ದು, ಇಂಜಿನ್ನಿಗೆ ಗಾಳಿ ತಾಗಲಿ ಅಂತ. ಎಂತ ಕೈ ಹಾಕಿದ್ದೀ ಅಲ್ಲಿ? ಫ್ಯಾನಿನ ಜಾಲರಿಯಲ್ಲಿ ಎಂತದ್ದು ಅದು, ಬಟ್ಟೆಯಾ? ಎಳೆ... ಮೆಲ್ಲ, ಮೆಲ್ಲ... ಓಹೋಹೋ! ಸಿಕ್ಕಿತಲ್ಲ ಕಳ್ಳ! ಗಾಳಿ ಎಳೆಯುವ ಬಾಯಿಗೇ ಬಟ್ಟೆ ತುರುಕಿದರೆ ಇಂಜಿನ್ ತಣಿಯುವುದು ಹೇಗೆ? ನಿನ್ನ ಟ್ಯೂನಿಂಗಿನ ತಪ್ಪಲ್ಲ ಚೆನ್ನಪ್ಪ, ಊರಿಡೀ ನಾನೇ ಹೇಳಿಕೊಂಡು ಬರುತ್ತೇನೆ. ಕೊಡು ಇತ್ತ, ಬಿಸಾಡುತ್ತೇನೆ.

ಕೊಡು ಮಾರಾಯ. ರಸ್ತೆಯ ಕಸ ಅದು, ಬಿಡಿಸಿ ನೋಡುವುದು ಎಂತಕ್ಕೆ?

ಚೆನ್ನಪ್ಪ... ನೀನು ಉಟ್ಟ ಲುಂಗಿಯನ್ನು ಎಂತಕ್ಕೆ ನೋಡಿಕೊಳ್ಳುತ್ತೀ? ನೀಲಿ ಚೌಕುಳಿ. ಹೌದು, ಇದೂ ನೀಲಿ ಚೌಕುಳಿಯೇ. ಕಾಪುವಿನಲ್ಲಿ ನೀಲಿ ಚೌಕುಳಿಯ ಲುಂಗಿ ಉಡುವವ ನೀನೊಬ್ಬನೇ ಅಲ್ಲ... ಸುತ್ತಿ ಹೊಲಿದಿದ್ದಾರೆ, ಹೌದು. ಸಿಂಬಿಯ ಹಾಗೆ ಉಂಟು. ತಲೆಯ ಮೇಲೆ ಬುಟ್ಟಿ ಕೂರಿಸಲು...



ಬೈಯಿ. ಬೋರ್ಡು ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು, ಬೈಯುವ ಹಕ್ಕು ನಿನಗುಂಟು. ಆ ಸ್ಪ್ಯಾನರ್ ಮಾತ್ರ ಕೆಳಗಿಡು ಮೊದಲು.

ಸಿಂಬಿಯನ್ನು ನನ್ನ ಮುಖದ ಹತ್ತಿರ ಹಿಡಿಯಬೇಡ ಚೆನ್ನಪ್ಪ.

...ಆಯಿತು. ನಿನ್ನ ಹಳೆಯ ಲುಂಗಿಯೇ. ನೀನು ಹರಿದು ಕೊಟ್ಟದ್ದು, ಅವಳು ಹೊಲಿದದ್ದು. ಅವಳೇ ಹೇಳಿದ್ದಳು. ಬುಟ್ಟಿಯನ್ನು ಬಲಬದಿಗೆ ಕಟ್ಟುತ್ತಿದ್ದೆವು, ಮುಚ್ಚಳ ಬಿಚ್ಚಿದ್ದು ಅದಕ್ಕೇ. ಅಲುಗಬಾರದು ಅಂತ ಎಡೆಗೆ ಸಿಂಬಿ ಇಡುವುದು. ಅದು ಫ್ಯಾನಿನ ಬಾಯಿ ಮುಚ್ಚುತ್ತದೆ ಅಂತ ಈ ವಿಜ್ಞಾನದ ಮಾಷ್ಟ್ರ ತಲೆಗೆ ಹೊಳೆಯಲೇ ಇಲ್ಲ ನೋಡು! ಇವತ್ತು ಒಳಗೆ ಎಳೆದುಕೊಂಡೇ ಬಿಟ್ಟಿತು. ಅವಳನ್ನು ಬೆಳ್ಮಣ್ಣಿನಲ್ಲಿ ಬಸ್ಸು ಹತ್ತಿಸಿ ಬಂದೆ. ತಲೆಗೆ ನನ್ನ ಕರ್ಚೀಫು ಮಡಚಿ ಕೊಟ್ಟೆ... ಅಷ್ಟು ಸಣ್ಣದರ ಮೇಲೆ ಬುಟ್ಟಿ ಹೇಗೆ ನಿಂತಿತೋ, ಪಾಪ.

ಆಟ ಅಲ್ಲ ಚೆನ್ನಪ್ಪ. ನನಗೆ ಅವಳು ಬೇಕು. ಅವಳಿಗೂ... ಅದನ್ನು ನೀನು ಅವಳ ಹತ್ತಿರವೇ ಕೇಳು. ಅಪ್ಪಯ್ಯನಿಗೆ ನಾನು ಹೇಳುತ್ತೇನೆ. ಹೊರಗೆ ಹಾಕಿದರೆ ಕಾರ್ಕಳದಲ್ಲಿ ಬಿಡಾರ ಮಾಡುತ್ತೇನೆ. ಗೋಮೂತ್ರಕ್ಕೆ ನಾನು ಹೆದರುವವನಲ್ಲ. ಆದರೆ "ಅಣ್ಣ ಬೇಡ ಅಂದರೆ ನಾನು ಬರುವುದಿಲ್ಲ" ಅಂತ ಅವಳು ಹೇಳಿದ್ದಾಳೆ. ಅದಕ್ಕೆ ಹೆದರಿಯೇ, ಸ್ಕೂಟರು ಬಿಸಿ, ಸ್ಕೂಟರು ಬಿಸಿ ಅಂತ ಪ್ರತಿಸಲ ನಿನ್ನ ಹತ್ತಿರ ಬಂದು, ಬಾಯಿ ಬಿಡದೆ ವಾಪಸು ಹೋದದ್ದು.

ಎಲ್ಲಿಗೆ ಹೊರಟೆ? ಚೆನ್ನಪ್ಪ? ಉತ್ತರ ಕೊಟ್ಟು ಹೋಗು... ಪಂಪಾ? ಈಗ ಪಂಪು ಎಂತಕ್ಕೆ?

ಹಿಂದಿನ ಚಕ್ರಕ್ಕಾ? ಇರಲಿ ಮಾರಾಯ, ಅದು ಸರಿ ಉಂಟು... ಹಾಂ, ಸಾಕು. ಸಾಕು ಅಂದೆ, ಒಬ್ಬನಿಗೆ ಅಷ್ಟು ಸಾಕು... ಇನ್ನೂ ಒತ್ತುತ್ತೀಯಲ್ಲ...

ಚೆನ್ನಪ್ಪ... ಅದು ಇಬ್ಬರ ಗಾಳಿ ಅಲ್ವಾ?